ಶಿಳ್ಳೆ ಹೊಡೆದವನಿಗೆ ಏನು ಉತ್ತರ? ಪೆಪ್ಪರ್ ಸ್ಪ್ರೇ, ಕೀಚೈನ್ ಅಲಾರಂ, 112 ಮತ್ತು ಐದು ‘ಡಿ’ ತರಬೇತಿ: ಒಂದು ವಿಮರ್ಶೆ

ಬಸ್ ಸ್ಟಾಪಿನಲ್ಲಿ ನಿಂತವಳ ಪಕ್ಕಕ್ಕೆ ಬಂದು ಬೈಕ್ ನಿಧಾನವಾಗುತ್ತದೆ. ಒಂದು ಶಿಳ್ಳೆ, ‘ಡ್ರಾಪ್ ಬೇಕಾ?’ ಅಂತ ಒಂದು ಮಾತು, ಹಿಂದೆ ಕೂತವನ ಒಂದು ನಗು. ಬೈಕ್ ಹೋಗಿಯೇಬಿಡುತ್ತದೆ. ಇಷ್ಟಕ್ಕೂ ಹಿಡಿಯುವುದು ಮೂರು ನಾಲ್ಕು ಸೆಕೆಂಡು. ಹೆಣ್ಣುಮಕ್ಕಳ ರಕ್ಷಣೆಗೆ ಅಂತ ಮಾರುವ, ಹಂಚುವ, ಕಲಿಸುವ ಪ್ರತಿಯೊಂದನ್ನೂ ಈ ಮೂರು ಸೆಕೆಂಡಿನ ಮುಂದೆ ಇಟ್ಟು ನೋಡಬೇಕು. ಅಂಗಡಿಯಲ್ಲಿ ಸಿಗುವ ಬಹುಪಾಲು ಸಾಮಾನು ತಯಾರಾಗಿರುವುದು ಮೈಮೇಲೆ ಬೀಳುವವನಿಗಾಗಿ. ಬಾಯಲ್ಲೇ ಹಿಂಸೆ ಕೊಟ್ಟು ಜಾರಿಕೊಳ್ಳುವವನಿಗೆ ಅದು ನಾಟುವುದಿಲ್ಲ.

ಮೊದಲೇ ಒಂದು ಮಾತು. ಹೆಚ್ಚಿನ ಹೆಂಗಸರು ಇಂಥ ಹೊತ್ತಿನಲ್ಲಿ ತಲೆ ತಗ್ಗಿಸಿ ನಡೆದುಬಿಡುತ್ತಾರೆ. ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿರುವಂತೆ ನಟಿಸುತ್ತಾರೆ, ಹಾಡು ಹಾಕದೆ ಬರೀ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ, ನಾಳೆಯಿಂದ ದಾರಿ ಬದಲಿಸುತ್ತಾರೆ. ಇದನ್ನು ಹೇಡಿತನ ಅನ್ನುವವರಿಗೆ ರಸ್ತೆ ಗೊತ್ತಿಲ್ಲ. ಬೆಳಕು ಎಷ್ಟಿದೆ, ಜನ ಎಷ್ಟಿದ್ದಾರೆ, ಅವರು ಎಷ್ಟು ಮಂದಿ, ಮನೆ ಎಷ್ಟು ದೂರ ಅಂತ ಅಷ್ಟರಲ್ಲೇ ಹಾಕಿದ ಲೆಕ್ಕ ಅದು, ಸಾಮಾನ್ಯವಾಗಿ ಸರಿಯಾದ ಲೆಕ್ಕವೇ. ಆ ಲೆಕ್ಕಕ್ಕೆ ಇನ್ನೂ ಒಂದೆರಡು ದಾರಿ ಸೇರಿಸುವ ಕೆಲಸ ಯಾವುದು ಮಾಡುತ್ತದೆ ಅನ್ನುವುದಷ್ಟೇ ಇಲ್ಲಿಯ ಪ್ರಶ್ನೆ.

ಪೆಪ್ಪರ್ ಸ್ಪ್ರೇ

ಮೆಡಿಕಲ್ ಶಾಪಿನಲ್ಲಿ, ಆನ್‌ಲೈನಿನಲ್ಲಿ ಸುಮಾರು 200ರಿಂದ 500 ರೂಪಾಯಿಗೆ ಸಿಗುತ್ತದೆ, ಲೈಸೆನ್ಸ್ ಬೇಡ. ಒಳಗಿರುವುದು ಮೆಣಸಿನಕಾಯಿಯಿಂದ ತೆಗೆದ ಖಾರದ ಎಣ್ಣೆ. ಕಣ್ಣಿಗೆ ಬಿದ್ದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಕೆಮ್ಮು ಬರುತ್ತದೆ. ಡಬ್ಬಿಯ ಮೇಲೆ ಎಷ್ಟೇ ಅಡಿ ಬರೆದಿರಲಿ, ನೆಚ್ಚಿಕೊಳ್ಳಬಹುದಾದ ದೂರ ಎರಡರಿಂದ ಮೂರು ಮೀಟರ್. ಗಾಳಿ ಎದುರಿನಿಂದ ಬೀಸುತ್ತಿದ್ದರೆ ಖಾರ ನಿಮ್ಮ ಮುಖಕ್ಕೇ ವಾಪಸ್. ಆಟೋ ಒಳಗೆ, ಲಿಫ್ಟಿನಲ್ಲಿ, ಬಸ್ಸಿನಲ್ಲಿ ಹೊಡೆದರೆ ಪಕ್ಕದ ಮಗುವಿಗೂ ಸಿಗುತ್ತದೆ.

ಕೈಕೊಡುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಬ್ಯಾಗಿನ ತಳದಲ್ಲಿ, ಟಿಫನ್ ಬಾಕ್ಸಿನ ಕೆಳಗೆ ಇರುತ್ತದೆ. ಮೇಲಿನ ಲಾಕ್ ಯಾವ ಕಡೆಗೆ ತಿರುಗುತ್ತದೆ ಅಂತ ಮೊದಲೇ ನೋಡಿರುವುದಿಲ್ಲ. ಅವಧಿ ಮುಗಿದು ಒಳಗಿನ ಒತ್ತಡ ಕಡಿಮೆಯಾಗಿರುತ್ತದೆ, ಒತ್ತಿದರೆ ಹನಿ ಹನಿಯಾಗಿ ಸೋರುತ್ತದೆ. ಕೊಂಡ ದಿನ ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಅರ್ಧ ಸೆಕೆಂಡು ಒಮ್ಮೆ ಒತ್ತಿ ನೋಡಿ. ಎಕ್ಸ್‌ಪೈರಿ ದಿನಾಂಕವನ್ನು ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿಡಿ. ಬಿಸಿಲಿಗೆ ನಿಂತ ಕಾರಿನಲ್ಲಿ ಇಡಬೇಡಿ.

ಆದರೆ ಶಿಳ್ಳೆಗೆ ಇದು ಉತ್ತರವಲ್ಲ. ಆತ್ಮರಕ್ಷಣೆಯ ಹಕ್ಕು ಹುಟ್ಟುವುದು ದೇಹಕ್ಕೆ ಅಪಾಯದ ಭಯ ಇದ್ದಾಗ. ಬರೀ ಮಾತಿಗೆ ಸ್ಪ್ರೇ ಹೊಡೆದರೆ ಕೇಸು ನಿಮ್ಮ ಮೇಲೆಯೇ ತಿರುಗಬಹುದು. 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿರುವಾಗ ಆತ್ಮರಕ್ಷಣೆ ಅಂತ ಪೆಪ್ಪರ್ ಸ್ಪ್ರೇ ಬಳಸಿದ್ದನ್ನು ಒಪ್ಪಲಿಲ್ಲ. ಮೇಲ್ನೋಟಕ್ಕೆ ಅದೂ ಅಪಾಯಕಾರಿ ಆಯುಧವೇ ಅಂತ ಹೇಳಿ ಕೇಸು ರದ್ದು ಮಾಡಲು ನಿರಾಕರಿಸಿತು. ಅಂಗಡಿಯವರು ಇದನ್ನು ಹೇಳುವುದಿಲ್ಲ, ಕೊಳ್ಳುವವರಿಗೆ ಗೊತ್ತಿರಲೇಬೇಕು. ದಾರಿಗೆ ಅಡ್ಡ ನಿಂತವನಿಗೆ, ಕೈ ಹಿಡಿದವನಿಗೆ ಇರಲಿ. ಬಲಗೈಗೆ ಸಿಗುವ ಹೊರಗಿನ ಜೇಬಿನಲ್ಲೇ ಇರಲಿ.

ಕೀಚೈನ್ ಅಲಾರಂ, ಪೀಪಿ

ಪಿನ್ ಎಳೆದರೆ ಕಿರಿಚುವ ಅಲಾರಂ. ಕೆಲಸ ಮಾಡುತ್ತದೆ, ಆದರೆ ಮಿತಿ ಇದೆ. ವಾಚಿನ ಸೆಲ್ಲಿನಂಥ ಸಣ್ಣ ಬಟನ್ ಸೆಲ್ ಮೇಲೆ ನಡೆಯುತ್ತದೆ, ಅದು ಖಾಲಿಯಾದದ್ದು ಬೇಕಾದ ಹೊತ್ತಿನಲ್ಲೇ ಗೊತ್ತಾಗುವುದು. ತಿಂಗಳಿಗೊಮ್ಮೆ ಎಳೆದು ನೋಡಿ. ಟ್ರಾಫಿಕ್ ಇರುವ ರಸ್ತೆಯಲ್ಲಿ ಯಾರದೋ ಬೈಕಿನ ಅಲಾರಂ ಅಂತ ಜನ ತಿರುಗಿಯೂ ನೋಡುವುದಿಲ್ಲ. ಪೀಪಿಯ ಪಾಡೂ ಅಷ್ಟೆ, ಟ್ರಾಫಿಕ್ ಪೊಲೀಸರು ಬೆಳಗಿಂದ ಊದುತ್ತಲೇ ಇರುತ್ತಾರಲ್ಲ. ನಿರ್ಜನ ಬಡಾವಣೆಗೆ, ಹಾಸ್ಟೆಲಿನ ಹಿಂದಿನ ಓಣಿಗೆ ಅಲಾರಂ ಒಳ್ಳೆಯದು. ಮಾರ್ಕೆಟ್ಟಿಗೆ ಬೇಡ.

112

ಪೊಲೀಸರನ್ನು ಕರೆಯುವ ತುರ್ತು ನಂಬರ್. ದುಡ್ಡಿಲ್ಲದ ಸೇವೆ, ನಾವು ನೋಡಿದ್ದರಲ್ಲಿ ಹೆಚ್ಚು ಉಪಯೋಗದ್ದು. ಆದರೆ ಬಳಸುವ ರೀತಿ ತಿಳಿದಿರಬೇಕು. ಒಂದೇ ಒಂದು ಶಿಳ್ಳೆ ಹೊಡೆದು ಬೈಕ್ ಮಾಯವಾದರೆ ಗಾಡಿ ಬರುವ ಹೊತ್ತಿಗೆ ಹಿಡಿಯಲು ಯಾರೂ ಇರುವುದಿಲ್ಲ. ಹಿಂಬಾಲಿಸುತ್ತಿದ್ದರೆ, ಗುಂಪು ಒಂದೇ ಕಡೆ ನಿಂತಿದ್ದರೆ, ಅದೇ ಬೈಕ್ ಎರಡನೇ ಸಲ ತಿರುಗಿ ಬಂದರೆ, ಅದು 112ರ ಕೆಲಸ.

ಕರೆ ಹತ್ತಿದ ಕೂಡಲೇ ಮೊದಲ ಮಾತು ನಿಮ್ಮ ಹೆಸರಲ್ಲ, ಜಾಗ. ಲೈನ್ ನಡುವೆ ಕಟ್ಟಾದರೂ ಅಷ್ಟು ತಲುಪಿರುತ್ತದೆ. ಸ್ಟಾಪಿನ ಹೆಸರು, ಯಾವ ಕಡೆಗೆ ಹೋಗುವ ಬಸ್ಸಿನ ಬದಿ, ಎದುರಿನ ಅಂಗಡಿಯ ಬೋರ್ಡು. ಏನೂ ಕಾಣದಿದ್ದರೆ ಹತ್ತಿರದ ಕರೆಂಟ್ ಕಂಬದ ಮೇಲೆ ಬರೆದ ನಂಬರ್ ಇದೆಯಾ ನೋಡಿ ಹೇಳಿ. ಮೊಬೈಲ್ ಲೊಕೇಶನ್ ತಾನಾಗಿ ಹೋಗುತ್ತದೆ ಅಂತ ಸುಮ್ಮನಿರಬೇಡಿ. ಆಮೇಲೆ ಏನು ನಡೆಯುತ್ತಿದೆ, ಎಷ್ಟು ಮಂದಿ, ಯಾವ ಬಣ್ಣದ ಗಾಡಿ, ಯಾವ ದಿಕ್ಕು. ನಂಬರ್ ಪ್ಲೇಟಿನಲ್ಲಿ ಕೊನೆಯ ನಾಲ್ಕು ಅಂಕಿಯನ್ನು ಮೊದಲು ಓದಿಕೊಳ್ಳಿ. ಎಲ್ಲ ಗಾಡಿಯ ಮೇಲೂ ಕೆಎ ಇರುತ್ತದೆ, ಗಾಡಿ ಹುಡುಕಿಕೊಡುವುದು ಕೊನೆಯ ಅಂಕಿಗಳು. ಬಾಯಲ್ಲಿ ಹೇಳಿಕೊಳ್ಳುತ್ತಾ ಹೋದರೆ ಮರೆಯುವುದಿಲ್ಲ. ಗಾಡಿಯವರು ದಾರಿ ಕೇಳಲು ಬೇರೆ ನಂಬರಿನಿಂದ ವಾಪಸ್ ಫೋನ್ ಮಾಡಬಹುದು. ಅಪರಿಚಿತ ನಂಬರ್ ಅಂತ ಎತ್ತದೆ ಬಿಟ್ಟರೆ ಮಾಡಿದ ಕರೆಯೇ ದಂಡ. ಬೆಂಗಳೂರಿನಲ್ಲಿ ಬರುವುದು ಹೊಯ್ಸಳ ಗಾಡಿ. ಕನ್ನಡದಲ್ಲೇ ಮಾತಾಡಿ.

ಫೋನಿನ ಪವರ್ ಬಟನ್ ಒತ್ತಿ ತುರ್ತು ಕರೆ ಮಾಡುವ ಸೌಲಭ್ಯ ಇದೆ, ಕೆಲವು ಫೋನಿನಲ್ಲಿ ಮೂರು ಸಲ, ಕೆಲವು ಆಂಡ್ರಾಯ್ಡ್‌ನಲ್ಲಿ ಐದು ಸಲ. ಸೆಟ್ಟಿಂಗ್ಸ್‌ನಲ್ಲಿ ‘ಎಮರ್ಜೆನ್ಸಿ ಎಸ್‌ಒಎಸ್’ ಹುಡುಕಿ ಇವತ್ತೇ ನೋಡಿಕೊಳ್ಳಿ. ಎರಡು ಸಲ ಒತ್ತಿದರೆ ಕ್ಯಾಮೆರಾ ತೆರೆಯುವ ಫೋನುಗಳೂ ಬಹಳ ಇವೆ. ಗಾಬರಿಯಲ್ಲಿ ಒಂದು ಬೇಕಾದರೆ ಇನ್ನೊಂದು ತೆರೆದುಕೊಳ್ಳುತ್ತದೆ, ಹಾಗಾಗಿ ಬೆರಳಿಗೆ ರೂಢಿ ಬೇಕು. ತಪ್ಪಿ ಕರೆ ಹೋದರೆ ಕಟ್ ಮಾಡಬೇಡಿ, ‘ತಪ್ಪಿ ಹೋಯ್ತು, ತೊಂದರೆ ಇಲ್ಲ’ ಅಂತ ಹೇಳಿಯೇ ಇಡಿ. 112 ಇಂಡಿಯಾ ಆ್ಯಪಿನಲ್ಲಿ ಹೆಂಗಸರಿಗೆ, ಮಕ್ಕಳಿಗೆ ‘ಶೌಟ್’ ಅಂತ ಬಟನ್ ಇದೆ, ಹತ್ತಿರದಲ್ಲಿ ನೋಂದಾಯಿಸಿಕೊಂಡ ಸ್ವಯಂಸೇವಕರಿಗೆ ಸುದ್ದಿ ಹೋಗುತ್ತದೆ.

ದೂರು ಕೊಡುವುದಾದರೆ

ಶಿಳ್ಳೆಗೆಲ್ಲ ಕೇಸು ಆಗುತ್ತದಾ ಅಂತ ಠಾಣೆಯಲ್ಲೂ ಕೇಳುವವರಿದ್ದಾರೆ. ಆಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 79 (ಹಳೆಯ ಐಪಿಸಿ 509) ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸನ್ನೆ ಮಾತ್ರವಲ್ಲ, ಶಬ್ದವನ್ನೂ ಹೆಸರಿಸಿಯೇ ಸೇರಿಸಿದೆ. ಮೂರು ವರ್ಷದವರೆಗೆ ಸಾದಾ ಸಜೆ ಮತ್ತು ದಂಡ. ಲೈಂಗಿಕ ಅರ್ಥದ ಮಾತಾಡಿದರೆ ಕಲಂ 75, ಒಂದು ವರ್ಷದವರೆಗೆ ಸಜೆ ಅಥವಾ ದಂಡ ಅಥವಾ ಎರಡೂ. ಹಿಂಬಾಲಿಸಿದರೆ ಕಲಂ 78. ಇದರಲ್ಲಿ ನಿಮಗೆ ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂದೆ ಬಿದ್ದ ಅನ್ನುವುದು ಮುಖ್ಯ. ಆದ್ದರಿಂದ ‘ಹಿಂದೆ ಬರಬೇಡಿ’ ಅಂತ ಒಂದು ಸಲವಾದರೂ ಬಾಯಿಬಿಟ್ಟು ಹೇಳಿದ್ದರೆ, ಅಥವಾ ಮೆಸೇಜು ಹಾಕಿದ್ದರೆ, ಕೇಸು ಗಟ್ಟಿಯಾಗುತ್ತದೆ.

ದೂರು ದುರ್ಬಲವಾಗುವುದು ಬರೆಯುವಾಗಲೇ. ‘ಚುಡಾಯಿಸಿದ’, ‘ಅಸಭ್ಯವಾಗಿ ಮಾತಾಡಿದ’ ಅಂತ ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಚುಡಾಯಿಸುವುದು ಅನ್ನುವ ಪದವೇ ಅದನ್ನು ಆಟ ಮಾಡಿಬಿಡುತ್ತದೆ. ಅವನು ಆಡಿದ ಮಾತನ್ನು ಆಡಿದಂತೆಯೇ, ಎಷ್ಟೇ ಹೊಲಸಾಗಿದ್ದರೂ, ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ನಾಚಿಕೆ ಪಡಬೇಕಾದವನು ಅವನು. ದಿನ, ಗಂಟೆ, ಜಾಗ, ಗಾಡಿ ನಂಬರ್, ನೋಡಿದವರು, ಎದುರಿನ ಅಂಗಡಿಯ ಸಿಸಿಟಿವಿ ಸೇರಿಸಿ. ರೆಕಾರ್ಡಿಂಗ್ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುವ ಕಾರಣ ಅಂಗಡಿಯವರಿಗೆ ಅವತ್ತೇ ಹೇಳಿಡಬೇಕು.

79 ಸಂಜ್ಞೇಯ ಅಪರಾಧ. ಅಂದರೆ ಎನ್‌ಸಿಆರ್ (ಕೇಸು ಹಾಕದೆ ದೂರು ಬಂತು ಅಂತಷ್ಟೇ ಬರೆದುಕೊಡುವ) ಚೀಟಿ ಕೊಟ್ಟು ಕಳಿಸುವಂತಿಲ್ಲ, ಎಫ್‌ಐಆರ್ ಆಗಬೇಕು. ನಮ್ಮ ಸರಹದ್ದಲ್ಲ ಅನ್ನುವಂತಿಲ್ಲ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಹಾಕಬಹುದು. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿ ಉಚಿತ. ದಾಖಲಿಸದಿದ್ದರೆ ಎಸ್‌ಪಿಗೆ, ಕಮಿಷನರೇಟ್ ಊರುಗಳಲ್ಲಿ ಡಿಸಿಪಿಗೆ, ಅಂಚೆಯಲ್ಲಿ ಬರೆದು ಕಳಿಸಿ. 79ರ ದೂರು ದಾಖಲಿಸದ ಅಧಿಕಾರಿಗೂ ಕಲಂ 199ರಲ್ಲಿ ಶಿಕ್ಷೆ ಇದೆ, ಆರು ತಿಂಗಳಿಗೆ ಕಡಿಮೆಯಿಲ್ಲದ ಸಜೆ. ಈ ಒಂದು ನಂಬರ್ ನೆನಪಿಟ್ಟುಕೊಂಡು ಹೋದರೆ ಮಾತಿನ ಧಾಟಿ ಬದಲಾಗುತ್ತದೆ.

ಬಸ್ಸಿನಲ್ಲಾದರೆ ಇನ್ನೊಂದು ದಾರಿಯಿದೆ. 2012ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಪ್ರಕಾರ, ತೊಂದರೆಗೊಳಗಾದವಳು ಕೇಳಿಕೊಂಡರೆ ಸಾರ್ವಜನಿಕ ವಾಹನದ ಸಿಬ್ಬಂದಿ ಗಾಡಿಯನ್ನು ಹತ್ತಿರದ ಠಾಣೆಗೆ ಒಯ್ಯಬೇಕು, ಒಯ್ಯದಿದ್ದರೆ ಪರ್ಮಿಟ್ ರದ್ದಿಗೆ ದಾರಿಯಾಗುತ್ತದೆ. ಕಂಡಕ್ಟರಿಗೆ ‘ಸ್ವಲ್ಪ ನೋಡಿ ಸಾರ್’ ಅನ್ನುವ ಬದಲು ‘ಗಾಡಿ ಸ್ಟೇಷನ್‌ಗೆ ತಗೊಳ್ಳಿ ಸಾರ್’ ಅನ್ನಿ. ಹೆಚ್ಚಿನ ಸಲ ಅಷ್ಟು ಹೇಳಿದ ಮೇಲೆ ತೊಂದರೆ ಕೊಟ್ಟವನು ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಾನೆ.

ಕೇಸು ಬೇಡ, ಆದರೆ ದಾಖಲೆಯಾಗಲಿ ಅನ್ನುವವರಿಗೆ ಸೇಫ್‌ಸಿಟಿ ಇದೆ. ಮುಂಬೈನ ರೆಡ್ ಡಾಟ್ ಫೌಂಡೇಶನ್ 2012ರ ಕೊನೆಗೆ ಶುರುಮಾಡಿದ ನಕ್ಷೆ ಇದು. ಹೆಸರಿಲ್ಲದೆ ಜಾಗ, ಹೊತ್ತು, ಏನಾಯಿತು ಅಂತ ಗುರುತು ಹಾಕಬಹುದು, ಶಿಳ್ಳೆಗೂ ಕಮೆಂಟಿಗೂ ಪ್ರತ್ಯೇಕ ವಿಭಾಗಗಳಿವೆ. ಪೊಲೀಸರು ಬರುವುದಿಲ್ಲ. ಒಂದೇ ಓಣಿಯಲ್ಲಿ ಹತ್ತು ಚುಕ್ಕೆ ಬಿದ್ದರೆ ಬೀದಿದೀಪ ಕೇಳಲು ಕೈಯಲ್ಲಿ ಆಧಾರ ಇರುತ್ತದೆ.

ಬಾಯಿ, ಮತ್ತು ಐದು ‘ಡಿ’

ಹಗಲು, ಜನ ಇರುವ ಜಾಗ, ನಿಮಗೆ ಧೈರ್ಯ ಅನಿಸಿದೆ. ಆಗ ಹೇಗೆ ಹೇಳಬೇಕು? ಕನ್ನಡದಲ್ಲಿ ಒಂದು ಸೂಕ್ಷ್ಮವಿದೆ, ಹೊರಗಿನ ತರಬೇತಿಗಳಲ್ಲಿ ಸಿಗದ್ದು. ‘ಏನೋ ಲೋ’ ಅಂತ ಏಕವಚನಕ್ಕೆ ಇಳಿದರೆ ಸುತ್ತಲಿನವರು ಪರಿಚಯದವರ ಜಗಳ ಅಂದುಕೊಂಡು ದೂರ ಸರಿಯುತ್ತಾರೆ. ಅವನೂ ಶಿಳ್ಳೆಯ ವಿಷಯ ಬಿಟ್ಟು ‘ಮರ್ಯಾದೆ ಕೊಟ್ಟು ಮಾತಾಡು’ ಅಂತ ಜಗಳದ ವಿಷಯವನ್ನೇ ಬದಲಿಸುತ್ತಾನೆ. ಬಹುವಚನದಲ್ಲೇ, ಎತ್ತರದ ದನಿಯಲ್ಲಿ, ನಿಧಾನವಾಗಿ: ‘ಏನ್ರೀ, ಈಗ ಏನಂದ್ರಿ? ಎಲ್ಲರಿಗೂ ಕೇಳೋ ಹಾಗೆ ಹೇಳಿ.’ ಇವನು ಅಪರಿಚಿತ ಅಂತ ಆ ‘ರೀ’ಯಿಂದಲೇ ಜನಕ್ಕೆ ತಿಳಿಯುತ್ತದೆ. ಬೈಗುಳ ಬೇಡ, ಅಪ್ಪ ಅಮ್ಮನ ವಿಷಯ ಬೇಡ. ಎರಡು ವಾಕ್ಯ ಹೇಳಿ ಜನರ ಕಡೆಗೆ ಸರಿಯಿರಿ. ಸಹಾಯ ಬೇಕಾದರೆ ‘ಯಾರಾದ್ರೂ ಬನ್ನಿ’ ಅಂದರೆ ಯಾರೂ ಬರುವುದಿಲ್ಲ. ‘ಅಣ್ಣಾ, ಹಸಿರು ಶರ್ಟು, ನೀವೇ, ಸ್ವಲ್ಪ ಇಲ್ಲಿ ಬನ್ನಿ’ ಅನ್ನಿ. ಒಬ್ಬರನ್ನು ಗುರುತಿಸಿ ಕರೆದರೆ ಅವರಿಗೆ ತಪ್ಪಿಸಿಕೊಳ್ಳುವುದು ಕಷ್ಟ.

ಆ ಹಸಿರು ಶರ್ಟಿನವರಿಗೆ ಏನು ಮಾಡಬೇಕು ಅಂತ ಕಲಿಸುವುದು ಐದು ‘ಡಿ’ ತರಬೇತಿ. 2005ರಲ್ಲಿ ನ್ಯೂಯಾರ್ಕಿನಲ್ಲಿ ‘ಹಾಲರ್‌ಬ್ಯಾಕ್’ ಅಂತ ಶುರುವಾಗಿ ಈಗ ‘ರೈಟ್ ಟು ಬಿ’ ಆಗಿರುವ ಸಂಸ್ಥೆ ರೂಪಿಸಿದ್ದು. ಲೋರಿಯಲ್ ಪ್ಯಾರಿಸ್ ಜೊತೆ 2020ರಿಂದ ‘ಸ್ಟ್ಯಾಂಡ್ ಅಪ್’ ಹೆಸರಿನಲ್ಲಿ ಆನ್‌ಲೈನಿನಲ್ಲಿ ಉಚಿತವಾಗಿ ನಡೆಯುತ್ತಿದೆ. ಡಿಸ್ಟ್ರ್ಯಾಕ್ಟ್, ಡೆಲಿಗೇಟ್, ಡಾಕ್ಯುಮೆಂಟ್, ಡಿಲೇ, ಡೈರೆಕ್ಟ್. ಅದನ್ನು ನಮ್ಮ ರಸ್ತೆಗೆ ಇಳಿಸಿದರೆ ಹೀಗೆ. ಅವಳ ಮತ್ತು ಅವನ ನಡುವೆ ಹೋಗಿ ನಿಂತು ‘ಅಕ್ಕಾ, ಮೆಜೆಸ್ಟಿಕ್‌ಗೆ ಇಲ್ಲಿ ಬಸ್ ಬರುತ್ತಾ?’ ಅಂತ ಅವಳನ್ನೇ ಕೇಳುವುದು, ಅವನ ಕಡೆ ನೋಡದೆ. ಕಂಡಕ್ಟರನ್ನೋ ಟೀ ಅಂಗಡಿಯವರನ್ನೋ ಸೇರಿಸಿಕೊಳ್ಳುವುದು. ದೂರದಿಂದ ಪ್ಲೇಟು ಕಾಣುವಂತೆ ವಿಡಿಯೋ ಮಾಡಿ ಅವಳಿಗೇ ಕೊಡುವುದು, ಅವಳನ್ನು ಕೇಳದೆ ಎಲ್ಲೂ ಹಾಕದಿರುವುದು. ನೇರವಾಗಿ ಅವನನ್ನು ಎದುರಿಸುವುದು ಎಲ್ಲಕ್ಕಿಂತ ಕೊನೆಗೆ, ಇಬ್ಬರಿಗೂ ಅಪಾಯವಿಲ್ಲ ಅನಿಸಿದಾಗ ಮಾತ್ರ.

ನಮ್ಮ ಪಟ್ಟಿಯಲ್ಲಿ ಆ ಮೂರು ಸೆಕೆಂಡಿಗೆ ಹೊಂದುವುದು ಇದೊಂದೇ. ಸಾಮಾನು ಬೇಡ, ಸಿಗ್ನಲ್ ಬೇಡ, ಭಾರವೆಲ್ಲ ಅವಳ ತಲೆಯ ಮೇಲೆ ಬೀಳುವುದಿಲ್ಲ. ಕೊರತೆ ಇರುವುದು ಸಣ್ಣ ಊರಿನ ವಿಷಯದಲ್ಲಿ. ಅಪರಿಚಿತರ ನಗರವನ್ನು ಮನಸ್ಸಿನಲ್ಲಿಟ್ಟು ಮಾಡಿದ ಪಾಠ ಇದು. ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ಶಿಳ್ಳೆ ಹೊಡೆದವನು ಯಾರ ಮಗ ಅಂತ ಎಲ್ಲರಿಗೂ ಗೊತ್ತು, ಅವಳು ಯಾರ ಮಗಳು ಅಂತಲೂ ಗೊತ್ತು. ಗಲಾಟೆಯಾದರೆ ಸಂಜೆಯೊಳಗೆ ಮನೆಗೆ ಸುದ್ದಿ. ಮರುದಿನದಿಂದ ನಿಂತುಹೋಗುವುದು ಅವನ ಓಡಾಟವಲ್ಲ, ಅವಳ ಕಾಲೇಜು. ಅಲ್ಲಿ ಸಹಾಯಕ್ಕೆ ಕರೆಯುವವರನ್ನು ಆರಿಸಿಯೇ ಕರೆಯಬೇಕು. ಡಿಪೋ ಕಂಟ್ರೋಲರ್ ಆದೀತು, ಕಾಲೇಜಿನ ಮೇಡಂ ಆದೀತು. ಅಪ್ಪನಿಗೆ ಫೋನ್ ಹಚ್ಚುವ ‘ಹಿತೈಷಿ’ ಬೇಡ.

ನಾಲ್ಕನೆಯ ‘ಡಿ’ ಡಿಲೇ, ಅಂದರೆ ಆದಮೇಲೆ ವಿಚಾರಿಸುವುದು, ಎಲ್ಲರೂ ಬಿಟ್ಟುಬಿಡುವಂಥದ್ದು. ಮಾಡಲು ಅತಿ ಸುಲಭವಾದದ್ದೂ ಅದೇ. ಮನೆಯಲ್ಲಿ ಮೊದಲ ಪ್ರಶ್ನೆ ‘ಏನು ಹಾಕ್ಕೊಂಡಿದ್ದೆ?’ ಅಂತ ಬರುತ್ತದೆ. 2003ರಲ್ಲಿ ಬೆಂಗಳೂರಿನಲ್ಲಿ ಜಸ್ಮೀನ್ ಪಥೇಜಾ ಶುರುಮಾಡಿದ ಬ್ಲ್ಯಾಂಕ್ ನಾಯ್ಸ್ ಈ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡು, ಹೆಂಗಸರು ಆ ಹೊತ್ತು ತೊಟ್ಟಿದ್ದ ಬಟ್ಟೆಗಳನ್ನು ಸಾಕ್ಷಿಯಾಗಿ ಕೂಡಿಸುತ್ತಾ ಬಂದಿದೆ. ಸ್ಟಾಪಿನಲ್ಲಿ ನೋಡಿದವರು ಹೇಳಬೇಕಾದದ್ದು ಇಷ್ಟೇ: ‘ನಾನು ನೋಡಿದೆ ಕಣಮ್ಮಾ, ನಿನ್ನ ತಪ್ಪೇನಿಲ್ಲ. ಗಾಡಿ ನಂಬರ್ ಬರ್ಕೊಂಡಿದೀನಿ, ಬೇಕಾ? ನಿನ್ನ ಬಸ್ ಬರೋವರೆಗೂ ಇಲ್ಲೇ ಇರ್ತೀನಿ.’