ಮನೆಮಂದಿಗೆಲ್ಲ ಒಂದೇ ಮೊಬೈಲ್ ಬಿಲ್: ಸಹಿ ಹಾಕುವ ಮುನ್ನ ಇದನ್ನು ಓದಿ

ನಮ್ಮ ಮನೆಯಲ್ಲಿ ನಾಲ್ಕು ಮೊಬೈಲ್. ಸಾಗರದ ಹತ್ತಿರದ ಊರಿನಲ್ಲಿ ಅಪ್ಪ, ಅಮ್ಮ. ಶಿವಮೊಗ್ಗದಲ್ಲಿ ನಾನು ಮತ್ತು ನನ್ನ ಹೆಂಡತಿ. ನಾಲ್ಕೂ ಪ್ರೀಪೇಯ್ಡ್ ಆಗಿದ್ದವು. ಅಪ್ಪ ಅಮ್ಮನಿಗೆ ತಲಾ 199 ರೂಪಾಯಿ, ನಮ್ಮಿಬ್ಬರಿಗೆ ತಲಾ 349, ಎಲ್ಲವೂ 28 ದಿನಕ್ಕೆ. ನಾಲ್ಕು ಬೇರೆ ಬೇರೆ ತಾರೀಕಿಗೆ ಮುಗಿಯುತ್ತಿದ್ದವು. ಅಪ್ಪನ ರೀಚಾರ್ಜ್ ಮುಗಿದಿದೆ ಎಂದು ನನಗೆ ತಿಳಿಯುತ್ತಿದ್ದದ್ದು ಅವರು ಫೋನ್ ಮಾಡಲಾಗದೆ ಪೇಚಾಡಿದ ಮೇಲೆ. ಹಾಗಾಗಿ ಅಂಗಡಿಯವನು "ಸರ್, ಇಡೀ ಮನೆಗೆ ಒಂದೇ ಬಿಲ್, ತಿಂಗಳಿಗೆ 999" ಎಂದಾಗ ನಾನು ಹೆಚ್ಚು ಯೋಚಿಸಲಿಲ್ಲ. ನಾಲ್ಕೂ ಸಂಖ್ಯೆಗಳನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನ್‌ಗೆ ಸೇರಿಸಿದೆ. ಒಂದೇ ಹೆಸರಿನಲ್ಲಿದ್ದರೆ ಸಲೀಸು ಎಂದು ಅವನು ಹೇಳಿದ್ದಕ್ಕೆ, ಅದಕ್ಕೂ ಮೊದಲೇ ಅಪ್ಪ, ಅಮ್ಮನ ಸಂಖ್ಯೆಗಳನ್ನು ನನ್ನ ಹೆಸರಿಗೆ ವರ್ಗಾಯಿಸಿಕೊಂಡೆ.

ಆವತ್ತು ಅಂಗಡಿಯಲ್ಲಿ ಕುಳಿತು ಹಾಕಿದ ಲೆಕ್ಕ ಹೀಗಿತ್ತು. ಹಳೆಯ ರೀಚಾರ್ಜ್‌ಗಳ ಮೊತ್ತ 1096. ಅವು 28 ದಿನದವಾದ್ದರಿಂದ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕು. ಒಟ್ಟು 14,248 ರೂಪಾಯಿ. ಹೊಸ ಪ್ಲಾನ್ 999ರಂತೆ ಹನ್ನೆರಡು ತಿಂಗಳಿಗೆ 11,988. ಎರಡು ಸಾವಿರಕ್ಕೂ ಹೆಚ್ಚು ಉಳಿತಾಯ!

ಮೊದಲ ಬಿಲ್ ಎರಡು ಸಾವಿರ ದಾಟಿ ಬಂತು. ಸಿಮ್ ಚಾಲೂ ಆದ ದಿನದಿಂದ ಬಿಲ್ ತಾರೀಕಿನವರೆಗಿನ ಮುರುಕು ದಿನಗಳ ಬಾಡಿಗೆ ಅದರಲ್ಲಿ ಸೇರಿತ್ತು, ಅದನ್ನು ಒಪ್ಪಿಕೊಳ್ಳೋಣ. ಆದರೆ ಮಾಮೂಲಿ ತಿಂಗಳ ಲೆಕ್ಕವೇ 1531 ರೂಪಾಯಿ 64 ಪೈಸೆ. 999 ಇದ್ದದ್ದು ಮೂರು ಸಿಮ್‌ಗೆ ಮಾತ್ರ. ನಾಲ್ಕನೆಯದನ್ನು "ಸೇರಿಸಬಹುದು" ಎಂದು ಅಂಗಡಿಯವನು ಹೇಳಿದ್ದನೇ ಹೊರತು, ಅದಕ್ಕೆ 299 ಬೇರೆ ಎಂದು ಹೇಳಿರಲಿಲ್ಲ. ಈ 1298ರ ಮೇಲೆ ಶೇ 18 ಜಿಎಸ್‌ಟಿ. ಪ್ರೀಪೇಯ್ಡ್‌ನಲ್ಲಿ ಹೇಳುವ ದರದಲ್ಲಿ ತೆರಿಗೆ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ಜಾಹೀರಾತಿನ ದರದಲ್ಲಿ ಸೇರಿರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದೇ ನನ್ನ ತಪ್ಪು. ವರ್ಷಕ್ಕೆ 18,379 ರೂಪಾಯಿ. ಉಳಿತಾಯವಾಗುವ ಬದಲು ನಾಲ್ಕು ಸಾವಿರದ ಮೇಲೆ ಕೈಬಿಡುತ್ತಿತ್ತು.

ಕೂಡಲೇ ಹೊರಬರೋಣವೆಂದರೆ ಅದೂ ಆಗದು. ಒಮ್ಮೆ ಪೋರ್ಟ್ ಆಗಿ ಬಂದ ಸಂಖ್ಯೆ ಆ ಕಂಪನಿಯಲ್ಲಿ ಕನಿಷ್ಠ 90 ದಿನ ಇರಲೇಬೇಕು ಎಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ. ಎರಡನೆಯ ಬಿಲ್ ಬಂದಾಗ ಗ್ರಾಹಕ ಸೇವೆಗೆ ಕರೆ ಮಾಡಿ, ನಾಲ್ಕನೆಯ ಸಿಮ್‌ನ ಶುಲ್ಕದ ಬಗ್ಗೆ ತಕರಾರು ಹೇಳಿದೆ. ದೂರು ದಾಖಲಾಗಿದೆ ಎಂದರು. ದೂರು ಇತ್ಯರ್ಥವಾಗುವವರೆಗೆ ಹಣ ಕಟ್ಟಬೇಕಿಲ್ಲ ಎಂದು ನಾನೇ ಅಂದುಕೊಂಡೆ. ಯಾರೂ ಹಾಗೆ ಹೇಳಿರಲಿಲ್ಲ. ಎಚ್ಚರಿಕೆಯ ಸಂದೇಶಗಳು ಬಂದಿದ್ದು ನನ್ನ ಒಂದು ಸಂಖ್ಯೆಗೆ ಮಾತ್ರ. ದೂರು ಕೊಟ್ಟಿದ್ದೇನಲ್ಲ ಎಂದು ಸುಮ್ಮನಿದ್ದೆ.

ಆ ಬುಧವಾರ ಅಪ್ಪ ಕಣ್ಣು ತೋರಿಸಲು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದಿದ್ದರು. ತಪಾಸಣೆ ಮುಗಿದ ಮೇಲೆ ಫೋನ್ ಮಾಡುವುದು, ನಾನು ಕಚೇರಿಯಿಂದ ಹೋಗಿ ಕರೆತರುವುದು ಎಂದು ಮಾತಾಗಿತ್ತು. ಕಣ್ಣಿನ ಪಾಪೆ ಹಿಗ್ಗಲು ಹನಿ ಹಾಕಿದ್ದರು. ಹೊರಗೆ ಬಂದು ನನಗೆ ಕರೆ ಮಾಡಿದರೆ, ಬಿಲ್ ಬಾಕಿಯಿರುವುದರಿಂದ ಹೊರಹೋಗುವ ಕರೆ ಸ್ಥಗಿತವಾಗಿದೆ ಎಂಬ ದನಿ. ಅಪ್ಪನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ಪುಸ್ತಕ ಇರುತ್ತದೆ, ಎಲ್ಲರ ಸಂಖ್ಯೆಯನ್ನೂ ನೀಲಿ ಶಾಯಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಅದನ್ನು ತೆರೆದರು. ಹನಿ ಹಾಕಿದ ಕಣ್ಣಿಗೆ ಒಂದಂಕಿಯೂ ಕಾಣಲಿಲ್ಲ, ಎಲ್ಲ ಮಂಜು. ಬಾಯಿಪಾಠ ಇದ್ದದ್ದು ಅಮ್ಮನ ಸಂಖ್ಯೆ ಒಂದೇ. ಆಸ್ಪತ್ರೆಯ ಮುಂದೆ ಎಳನೀರು ಮಾರುವವರ ಫೋನ್ ಬೇಡಿ ಅಮ್ಮನಿಗೆ ಮಾಡಿದರು. ಒಳಬರುವ ಕರೆ ಇನ್ನೂ ನಿಂತಿರಲಿಲ್ಲವಾದ್ದರಿಂದ ಅಮ್ಮ ಎತ್ತಿಕೊಂಡರು. ಆದರೆ ಅಮ್ಮನಿಂದ ನನಗೆ ಕರೆ ಹೋಗದು. ಅಮ್ಮ ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದರೆ ಅಲ್ಲಿ ಬೀಗ. ತೋಟ ದಾಟಿ ಅದರಾಚೆಯ ಮನೆಗೆ ಹೋಗಿ ಅವರ ಫೋನಿನಿಂದ ನನಗೆ ಹೇಳುವಷ್ಟರಲ್ಲಿ ಒಂದೂವರೆ ತಾಸು ಕಳೆದಿತ್ತು. ನಾನು ಕಚೇರಿಯ ವೈಫೈನಲ್ಲಿ ವಾಟ್ಸ್ಆ್ಯಪ್ ನೋಡುತ್ತಾ, ಅಪ್ಪ ಇನ್ನೂ ಸರದಿಯಲ್ಲಿರಬೇಕು ಎಂದುಕೊಂಡಿದ್ದೆ. ನನ್ನ ಫೋನಿನಿಂದಲೂ ಕರೆ ಹೋಗುವುದಿಲ್ಲ ಎಂಬುದು ನನಗೇ ತಿಳಿದಿರಲಿಲ್ಲ. ಹೋಗಿ ನೋಡಿದರೆ ಅಪ್ಪ ಬಿಸಿಲಿಗೆ ಕರವಸ್ತ್ರ ಅಡ್ಡ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದರು. ಹಣ ಹೋದದ್ದಕ್ಕಿಂತ ಅದೇ ನನ್ನನ್ನು ಇವತ್ತಿಗೂ ಸುಡುತ್ತದೆ. ಬೇರೆ ಬೇರೆ ರೀಚಾರ್ಜ್ ಇದ್ದಾಗ ಒಬ್ಬರದು ನಿಂತರೆ ಇನ್ನೊಬ್ಬರದು ನಡೆಯುತ್ತಿತ್ತು. ಒಂದೇ ಬಿಲ್ ಆದ ಮೇಲೆ ನನ್ನೊಬ್ಬನ ಉದಾಸೀನಕ್ಕೆ ನಾಲ್ಕು ಜನರ ಬಾಯಿ ಒಟ್ಟಿಗೇ ಕಟ್ಟಿತು.

ಅದೇ ದಿನ ಪೂರ್ತಿ ಹಣ ಕಟ್ಟಿದೆ. ದೂರನ್ನು ಬಿಡಲಿಲ್ಲ, ಆದರೆ ಅದರಿಂದ ಏನೂ ದಕ್ಕಲಿಲ್ಲ. ಅರ್ಜಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 299 ಎಂದು ಬರೆದಿತ್ತು, ಕೆಳಗೆ ನನ್ನದೇ ಸಹಿ. ನಿಮಗೆ ಇಂಥ ಪ್ರಸಂಗ ಬಂದರೆ ಮೊದಲು ಬಿಲ್ ಕಟ್ಟಿ, ಆಮೇಲೆ ಜಗಳ ಮಾಡಿ. ದೂರಿನ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಉತ್ತರ ಸರಿಬಾರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

90 ದಿನ ಮುಗಿದ ಮೇಲೆ, ಬಾಕಿ ಒಂದು ರೂಪಾಯಿಯೂ ಇಲ್ಲವೆಂದು ಖಚಿತ ಮಾಡಿಕೊಂಡು, ಪ್ರತಿ ಫೋನಿನಿಂದ 1900ಕ್ಕೆ ಪೋರ್ಟ್ ಸಂದೇಶ ಕಳಿಸಿದೆವು. ಅದಕ್ಕೆ ಉತ್ತರವಾಗಿ, ಹೊಸ ಕಂಪನಿಗೆ ಕೊಡಬೇಕಾದ ಒಂದು ಕೋಡ್ ಬರುತ್ತದೆ. ಕೊನೆಯ ದಿನಾಂಕ ದಾಟಿದ ಬಿಲ್ ಇದ್ದರೆ ಆ ಕೋಡ್ ಬರುವುದೇ ಇಲ್ಲ. ಬಂದ ಎಂಟಕ್ಷರದ ಕೋಡ್ ಕರ್ನಾಟಕದಲ್ಲಿ ನಾಲ್ಕು ದಿನ ಮಾತ್ರ ನಡೆಯುತ್ತದೆ. ಇನ್ನೊಂದು ಮಾತು: ಸಿಮ್ ಹಾಳಾಗಿ ಬದಲಿ ಸಿಮ್ ತೆಗೆದುಕೊಂಡರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮದಂತೆ ಏಳು ದಿನ ಕೋಡ್ ಸಿಗುವುದಿಲ್ಲ. ಅಮ್ಮನ ಸಿಮ್ ವಿಷಯದಲ್ಲಿ ನಮಗೆ ಹೀಗೇ ಒಂದು ವಾರ ಹೋಯಿತು.

ಈಗ ಅಪ್ಪ ಅಮ್ಮನಿಗೆ ಡೇಟಾ ಇಲ್ಲದ, ಮಾತು ಮತ್ತು ಎಸ್ಎಂಎಸ್ ಮಾತ್ರ ಇರುವ ಒಂದು ವರ್ಷದ ಪ್ಯಾಕ್ ಹಾಕಿಸಿದ್ದೇನೆ. ಇಂಥ ಪ್ಯಾಕ್ ಇಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿದೆ. ಅಂಗಡಿಯಲ್ಲಿ ತಾವಾಗಿ ತೋರಿಸುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ನಾನು ಕೊಟ್ಟದ್ದು ತಲಾ 1849. ಮೊದಲು 199ರಂತೆ ಹದಿಮೂರು ಸಲಕ್ಕೆ 2587 ಆಗುತ್ತಿತ್ತು. ಮನೆಯಲ್ಲಿ ವೈಫೈ ಇರುವುದರಿಂದ ಅಮ್ಮನ ವಿಡಿಯೊ ಕರೆಗೆ ತೊಂದರೆಯಿಲ್ಲ. ಹೊರಗೆ ಹೋದಾಗ ಫೋನಿನಲ್ಲಿ ಹಣ ಪಾವತಿಸುವವರಿಗೆ ಇದು ಹೊಂದುವುದಿಲ್ಲ. ಮನೆಯ ಎಲ್ಲರೂ ದಿನವಿಡೀ ಡೇಟಾ ಬಳಸುವವರಾದರೆ ಫ್ಯಾಮಿಲಿ ಪ್ಲಾನ್ ಲಾಭವಾದೀತು. ದಿನಕ್ಕೆ ನಾಲ್ಕು ಕರೆ ಮಾಡುವ ಹಿರಿಯರನ್ನು ದಯವಿಟ್ಟು ಅದಕ್ಕೆ ಸೇರಿಸಬೇಡಿ.

ಹೆಸರು ಬದಲಾಯಿಸಿದ್ದರ ತೊಡಕು ಇನ್ನೂ ಮುಗಿದಿಲ್ಲ. ಯಾರ ಹೆಸರಿನಲ್ಲಿ ಯಾವ ಸಂಖ್ಯೆಗಳಿವೆ ಎಂದು ತೋರಿಸುವ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿದರೆ ಅಪ್ಪನ ಪಿಂಚಣಿ, ಬ್ಯಾಂಕ್, ಗ್ಯಾಸ್ ಎಲ್ಲಕ್ಕೂ ಕೊಟ್ಟಿದ್ದ ಸಂಖ್ಯೆ ನನ್ನ ಹೆಸರಿನಲ್ಲಿತ್ತು. ಪೋರ್ಟ್ ಮಾಡುವಾಗ ಹೆಸರು ಬದಲಿಸಲಾಗದು, ಬಂದ ಮೇಲೆ ಬೇರೆಯಾಗಿಯೇ ಅರ್ಜಿ ಕೊಡಬೇಕು, ಇಬ್ಬರೂ ಮಳಿಗೆಗೆ ಹೋಗಬೇಕು. ಅಪ್ಪನದು ಹೋದ ತಿಂಗಳು ಅವರ ಹೆಸರಿಗೆ ಮರಳಿತು. ಅಮ್ಮನದು ಆಗಿಲ್ಲ: ಅಡಿಕೆ ಸುಲಿದು ಸವೆದ ಬೆರಳನ್ನು ಯಂತ್ರ ಗುರುತಿಸುತ್ತಿಲ್ಲ. ಎರಡು ಸಲ ಸಾಗರಕ್ಕೆ ಹೋಗಿ ಬರಿಗೈಯಲ್ಲಿ ಮರಳಿದ್ದೇವೆ, ಸೋಮವಾರ ಮತ್ತೆ ಹೋಗಬೇಕು.