‘ಸೀ ಮಾಸ್’ ಹೆಸರಿನ ಒಣ ಕಡಲಪಾಚಿ: ಅಡುಗೆಗೆ ಕೊಳ್ಳಿ, ಔಷಧಿಯೆಂದು ಬೇಡ

ಆನ್‌ಲೈನ್‌ನಲ್ಲಿ ‘ಸೀ ಮಾಸ್’ ಎಂದು ಸಿಗುವ ಪೊಟ್ಟಣದಲ್ಲಿ ತಮಿಳುನಾಡಿನ ಮಾಲು ಇದ್ದರೆ ಅದು ಸಾಮಾನ್ಯವಾಗಿ ಕಪ್ಪಾಫೈಕಸ್ ಆಲ್ವರೇಜಿ, ಬೆಚ್ಚನೆಯ ಕಡಲಿನ ಕೆಂಪು ಪಾಚಿ. ಮಂಟಪಂ, ರಾಮೇಶ್ವರಂ ಕಡೆ 12 ಅಡಿ ಚೌಕದ ಬಿದಿರಿನ ತೆಪ್ಪದ ಹಗ್ಗಗಳಿಗೆ ಬಿತ್ತನೆಗೆಂದು ಸುಮಾರು 60 ಕಿಲೋ ಪಾಚಿಯ ತುಂಡು ಕಟ್ಟಿ 45 ದಿನಕ್ಕೆ ಕೊಯ್ಯುತ್ತಾರೆ. ಒಳ್ಳೆಯ ಹಂಗಾಮಿನಲ್ಲಿ ತೆಪ್ಪಕ್ಕೆ 200 ಕಿಲೋ ದಾಟುತ್ತದೆ, ಒಣಗಿಸಿದರೆ ಉಳಿಯುವುದು ಹತ್ತರಲ್ಲೊಂದು ಪಾಲು. ನೀರು ಕಾದರೆ, ಮಳೆಗೆ ಉಪ್ಪಿನಂಶ ಇಳಿದರೆ ಕೊಂಬೆ ಬಿಳಿಚಿ ಮುರಿಯುತ್ತದೆ. ಈ ‘ಐಸ್-ಐಸ್’ ರೋಗ ಹಿಡಿದ ಬೆಳೆಯಲ್ಲಿ ಜೆಲ್ ಗಟ್ಟಿಗೊಳಿಸುವ ಕ್ಯಾರಜೀನನ್ ಎಂಬ ಅಂಶ ಕಡಿಮೆ, ಜೆಲ್ ಸಡಿಲ.

ಕೊಳ್ಳುವಾಗ ಕೊಂಬೆ ಬಾಗುವಂತಿರಲಿ, ಮರಳು ಅಂಟಿರಬಾರದು. ನೆಲದ ಮೇಲೆ ಹರವಿ ಒಣಗಿಸಿದ್ದರಲ್ಲಿ ಮರಳು ಎಷ್ಟು ತೊಳೆದರೂ ಹಲ್ಲಿಗೆ ಸಿಗುತ್ತದೆ. ಮೇಲಿನ ಬಿಳಿ ಹರಳು ಬೂಷ್ಟಲ್ಲ, ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್.

25 ಗ್ರಾಂ ಪಾಚಿಯನ್ನು ನಾಲ್ಕು ಸಲ ತೊಳೆದು, ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ. ಅರ್ಧ ಲೀಟರ್ ಹೊಸ ನೀರಿನಲ್ಲಿ 20 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ರುಬ್ಬಿ ಸೋಸಿ. ಬೇಯಿಸದೆ ಹಸಿಯಾಗಿಯೇ ರುಬ್ಬಿ ಎಂದು ಹಲವು ಪೊಟ್ಟಣಗಳ ಮೇಲಿರುತ್ತದೆ. ಅದು ಸರಿಯಲ್ಲ: ಈ ಪಾಚಿಯಲ್ಲಿರುವ ‘ಕಪ್ಪಾ’ ಬಗೆಯ ಕ್ಯಾರಜೀನನ್ ಕರಗಲು ಬಿಸಿ ಬೇಕೇ ಬೇಕು, ಇಲ್ಲದಿದ್ದರೆ ತರಿತರಿ ಗೊಜ್ಜು. ನಿಂಬೆರಸ ಒಲೆಯಿಂದ ಇಳಿಸಿದ ಮೇಲೆ ಹಾಕಿ. ಹುಳಿಯೊಂದಿಗೆ ಕುದಿಸಿದರೆ ಜೆಲ್ ಗಟ್ಟಿಯಾಗದು. ಹಾಲಿನಲ್ಲಂತೂ ಇದರ ಗುಣ ಎದ್ದು ಕಾಣುತ್ತದೆ. ಹಾಲಿನ ಪ್ರೋಟೀನ್ ಆದ ಕೇಸೀನ್ ಜೊತೆ ಬೆಸೆದುಕೊಳ್ಳುವುದರಿಂದ ಕಡಿಮೆ ಪಾಚಿ ಸಾಕು. ಏಲಕ್ಕಿ, ಬೆಲ್ಲ ಸೇರಿಸಿದ ಹಾಲಿನ ಪುಡಿಂಗ್ ಸೊಗಸಾಗಿ ಬರುತ್ತದೆ (ಬೆಲ್ಲ ಕೊನೆಗೆ, ಹಾಲು ಒಡೆಯದಂತೆ). ಚೈನಾ ಗ್ರಾಸ್‌ನಷ್ಟು ನೀಟಾಗಿ ನಿಲ್ಲದು, ಎರಡನೇ ದಿನ ಸ್ವಲ್ಪ ನೀರು ಬಿಡುತ್ತದೆ.

ಆರೋಗ್ಯದ ಮಾತು ಹಾಗಲ್ಲ. ಇದರಲ್ಲಿ ಕರಗುವ ನಾರಿದೆ, ಖನಿಜಗಳಿವೆ. ಆದರೆ ಜಾಹೀರಾತು ಹೊಗಳುವ ಫ್ಯುಕೊಯ್ಡಾನ್ ಎಂಬ ಅಂಶ ಇರುವುದು ಕಂದು ಪಾಚಿಯಲ್ಲಿ. ನೆಗಡಿಗೆ ಪರೀಕ್ಷಿಸಿದ್ದು ‘ಅಯೋಟಾ’ ಎಂಬ ಇನ್ನೊಂದು ಬಗೆಯ ಕ್ಯಾರಜೀನನ್‌ನ ಮೂಗಿನ ಸ್ಪ್ರೇ. ಇಲ್ಲಿರುವುದು ಕಪ್ಪಾ, ಅದೂ ಹೊಟ್ಟೆಗೆ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು, ಅಯೋಡಿನ್ ಸೇರಿಸಿದ ಉಪ್ಪಿನಿಂದಲೇ ಬಹಳಷ್ಟು ಸಿಗುತ್ತದೆ. ಪಾಚಿಯ ಅಯೋಡಿನ್ ಒಂದೊಂದು ಕೊಯ್ಲಿಗೆ ಒಂದೊಂದು ಥರ. ಗ್ರಾಂಗೆ ಎಷ್ಟೆಂದು ನಮೂದಿಸದ ಪೊಟ್ಟಣವನ್ನು ದಿನವೂ ತಿನ್ನಬೇಡಿ. ಥೈರಾಯ್ಡ್ ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪಾಚಿಯಲ್ಲಿರುವ ಪೊಟ್ಯಾಸಿಯಂ ಅಪಾಯ.