ಇ-ಕೋಡಿಸೀಸ್ ಹಸ್ತಪ್ರತಿ ಭಂಡಾರ: ಏಳು ವರ್ಷ ಬಳಸಿದ ಮೇಲೆ

ಸ್ವಿಟ್ಜರ್ಲೆಂಡಿನ ಗ್ರಂಥಾಲಯಗಳ ಹಸ್ತಪ್ರತಿಗಳನ್ನು ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿರುವ ಇ-ಕೋಡಿಸೀಸ್ ತಾಣವನ್ನು ನಾನು ಏಳು ವರ್ಷಗಳಿಂದ, ವಾರಕ್ಕೆ ಎರಡು ಮೂರು ಸಂಜೆಯಾದರೂ, ಬಳಸುತ್ತ ಬಂದಿದ್ದೇನೆ. ಗ್ರೀಕ್ ಆಗಲಿ ಲ್ಯಾಟಿನ್ ಆಗಲಿ ನಾನು ಕಾಲೇಜಿನಲ್ಲಿ ಓದಿದ ವಿಷಯಗಳಲ್ಲ. ನನ್ನ ಕೆಲಸ ಕನ್ನಡದ ಓಲೆಗರಿಗಳನ್ನು ಓದಿ ಪಾಠಾಂತರಗಳನ್ನು ಗುರುತಿಸುವುದು. ಆ ಕಡೆಗೆ ನನ್ನನ್ನು ಎಳೆದದ್ದು ಕನ್ನಡಕ್ಕೇ ಸಂಬಂಧಿಸಿದ ಒಂದು ಹಳೆಯ ಚರ್ಚೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ, 1903ರಲ್ಲಿ ಬ್ರಿಟಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದ, ಜೊಂಡಿನಿಂದ ಮಾಡಿದ ಹಾಳೆಯಾದ 413ನೆಯ ಪಪೈರಸ್‌ನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಹಿಂದೂ ಮಹಾಸಾಗರದ ದಡದ ರಾಜನೊಬ್ಬನ ಕೈಗೆ ಸಿಕ್ಕಿಬಿದ್ದ ಕ್ಯಾರಿಟಿಯಾನ್ ಎಂಬ ಹೆಣ್ಣನ್ನು, ಅವನಿಗೂ ಅವನ ಪರಿವಾರಕ್ಕೂ ಮದ್ಯ ಕುಡಿಸಿ, ಅವಳ ಕಡೆಯವರು ಬಿಡಿಸಿಕೊಂಡು ಹೋಗುವ ಕಥೆ ಅದು. ಆ ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವಿರಬಹುದೆಂದು ಮರುವರ್ಷವೇ ಜರ್ಮನ್ ಶಾಸನತಜ್ಞ ಹುಲ್ಟ್ಶ್ ಸೂಚಿಸಿದರು, ಮುಂದೆ ನಮ್ಮವರಾದ ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರಲ್ಲಿ ಕೈಯಾಡಿಸಿದರು, ಒಪ್ಪದವರೂ ಬಹಳ ಮಂದಿ ಇದ್ದಾರೆ.

ಜಗಳದ ಮೂಲ ಪದಚ್ಛೇದದಲ್ಲಿದೆ. ಪಪೈರಸ್‌ನಲ್ಲಿ ಪದಗಳ ನಡುವೆ ತೆರಪಿಲ್ಲ. 'ಪಾನೂಂಬ್ರೇತಿಕತೆಮಾನುವಾಂಬ್ರೇತೂವೇನಿ' ಎಂದು ಒಂದೇ ಉಸಿರಿಗೆ ಹರಿಯುವ ಅಕ್ಷರಸಾಲನ್ನು 'ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನು' ಎಂದು ಒಡೆದರೆ ಅದು ಕನ್ನಡ. ಒಡೆಯುವ ಜಾಗ ಬದಲಾದರೆ ಬರೀ ಸದ್ದು. ಓಲೆಗರಿ ಓದಿದವರಿಗೆ ಇದು ಹೊಸದಲ್ಲ, 'ತಂದೆನಾನು' ಎಂದಿರುವಲ್ಲಿ ಅದು 'ತಂದೆ ನಾನು' ಎಂದೋ 'ತಂದೆನ್ ಆನು' ಎಂದೋ ನಿರ್ಧರಿಸಲು ನಾವೂ ಹಿಂದುಮುಂದಿನ ಸಾಲುಗಳಲ್ಲಿ ತಡಕಾಡುತ್ತೇವೆ. ಆದರೆ ಬೇರೆಯವರು ಅಚ್ಚಿಗಿಳಿಸಿದ ಗ್ರೀಕ್ ಅಕ್ಷರಗಳನ್ನು ನಂಬಿ ಪದ ಒಡೆಯುವುದು ನನಗೆ ಸರಿಯೆನಿಸಲಿಲ್ಲ, ಅಕ್ಷರವನ್ನೇ ಕಣ್ಣಾರೆ ಗುರುತಿಸಲು ಕಲಿಯಬೇಕೆನಿಸಿತು.

ಕಲಿಯಲು ಆರಿಸಿಕೊಂಡದ್ದು ಈ ತಾಣ. ಇದು 2005ರಲ್ಲಿ ಸೇಂಟ್ ಗಾಲನ್ ಮಠದ ಗ್ರಂಥಾಲಯದ ಪ್ರತಿಗಳಿಂದ ಆರಂಭವಾಗಿ, ಫ್ರೀಬೂರ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದು, ಈಗ ದೇಶದ ಅನೇಕ ಸಂಗ್ರಹಗಳ ಎರಡು ಸಾವಿರಕ್ಕೂ ಮಿಕ್ಕಿ ಹಸ್ತಪ್ರತಿಗಳನ್ನು ಒಳಗೊಂಡಿದೆ. ನೋಡಲು ಹಣವಿಲ್ಲ, ಖಾತೆ ತೆರೆಯಬೇಕಾಗಿಲ್ಲ.

ನಾನು ಅತಿ ಹೆಚ್ಚು ಕಾಲ ಕಳೆದದ್ದು ಸೇಂಟ್ ಗಾಲನ್‌ನ 48ನೆಯ ಹಸ್ತಪ್ರತಿಯ ಎದುರಿಗೆ. ಒಂಬತ್ತನೆಯ ಶತಮಾನದ ಈ ಚರ್ಮಪ್ರತಿಯಲ್ಲಿ 198 ಹಾಳೆಗಳಿವೆ, ನಾಲ್ಕೂ ಸುವಾರ್ತೆಗಳು ದೊಡ್ಡ ಗ್ರೀಕ್ ಅಕ್ಷರಗಳಲ್ಲಿವೆ, ಪ್ರತಿ ಗ್ರೀಕ್ ಪದದ ನೆತ್ತಿಯ ಮೇಲೆ ಅದರ ಲ್ಯಾಟಿನ್ ಅರ್ಥ ಸಣ್ಣಕ್ಷರದಲ್ಲಿದೆ. ಹೊಸಬನಿಗೆ ಇದಕ್ಕಿಂತ ಒಳ್ಳೆಯ ಪಾಟಿ ಸಿಗದು, ಏಕೆಂದರೆ ಗ್ರೀಕ್ ತೊಡಕಾದಲ್ಲಿ ಲ್ಯಾಟಿನ್, ಲ್ಯಾಟಿನ್ ತೊಡಕಾದಲ್ಲಿ ಗ್ರೀಕ್ ಕೈಹಿಡಿಯುತ್ತದೆ. ಹಿಗ್ಗಿಸಿ ನೋಡುತ್ತ ಹೋದಂತೆ ಇನ್ನೊಂದು ಸಂಗತಿ ಕಾಣತೊಡಗುತ್ತದೆ. ಮೇಲಿನ ಲ್ಯಾಟಿನ್ ಪಳಗಿದ ಕೈಯದು, ಲೇಖನಿ ಎಲ್ಲಿಯೂ ಅನುಮಾನಿಸಿಲ್ಲ. ಕೆಳಗಿನ ಗ್ರೀಕ್ ಅಕ್ಷರಗಳನ್ನು ಮಾತ್ರ ಬರೆದದ್ದು ಎನ್ನುವುದಕ್ಕಿಂತ ಚಿತ್ರಿಸಿದ್ದು ಎನ್ನಬೇಕು. ಝೀಟಾ ಇರಬೇಕಾದಲ್ಲಿ ಕ್ಸಿ, ಟೌ ಇರಬೇಕಾದಲ್ಲಿ ಥೀಟಾ ಬಂದಿರುವುದೂ, ಗ್ರೀಕಿನ ರೋ ಬದಲು ಲ್ಯಾಟಿನ್ನಿನ 'ಆರ್' ನುಸುಳಿರುವುದೂ ವಿದ್ವಾಂಸರು ಹಿಂದೆಯೇ ಗುರುತಿಸಿರುವ ಸಂಗತಿ. ಬರೆದವರು ಐರಿಷ್ ಸನ್ಯಾಸಿಗಳ ಬಳಗದವರೆಂದು ಸಾಮಾನ್ಯ ಅಭಿಪ್ರಾಯ. ಮೂಲಪ್ರತಿಯನ್ನು ಪೂರ್ತಿ ಅರ್ಥವಾಗದೆ ನಕಲು ಮಾಡುವ ಲಿಪಿಕಾರ ನನಗೆ ಓಲೆಗರಿಯಲ್ಲಿ ಪರಿಚಿತನೇ, ಅವನ ತಪ್ಪುಗಳೇ ಅವನ ಎದುರಿಗಿದ್ದ ಪ್ರತಿಯ ಅಕ್ಷರ ಹೇಗಿತ್ತೆಂಬುದಕ್ಕೆ ಸಾಕ್ಷಿ. ಬಾಲ ಬಿಟ್ಟ ಝೀಟಾ ಹೇಗೆ ಕ್ಸಿಯಂತೆ ಕಾಣಬಲ್ಲದೆಂಬುದನ್ನು ನಾನು ಯಾವ ವಿವರಣೆಯಿಂದಲೂ ಕಲಿಯಲಿಲ್ಲ, ಈ ಪುಟಗಳಲ್ಲಿ ಅದೇ ಎಡವಟ್ಟನ್ನು ನಾನೂ ಮಾಡಿ ಕಲಿತೆ.

ಈ ಬಗೆಯ ಓದಿಗೆ ಚಿತ್ರ ಸ್ಪಷ್ಟವಾಗಿದ್ದರೆ ಸಾಲದು, ಪುಸ್ತಕ ಇಡಿಯಾಗಿ ಇರಬೇಕು. ಇಲ್ಲಿ ಹೊರರಟ್ಟು, ಬೆನ್ನು, ಹಾಳೆಗಳ ಅಂಚು, ಖಾಲಿ ಪುಟ, ಕೊನೆಗೆ ಅಳತೆಪಟ್ಟಿ ಮತ್ತು ಬಣ್ಣಪಟ್ಟಿಯ ಚಿತ್ರಗಳೂ ಇರುತ್ತವೆ. ಬಣ್ಣಪಟ್ಟಿಯನ್ನು ಮೊದಲ ವರ್ಷ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆಮೇಲೆ, ಎರಡು ಶಾಯಿಗಳ ಕಂದು ಬೇರೆಬೇರೆಯೋ ಅಥವಾ ನನ್ನ ತೆರೆಯ ಬೆಳಕಿನ ದೋಷವೋ ಎಂದು ಸಂಶಯ ಬಂದಾಗ ಅದರ ಬೆಲೆ ತಿಳಿಯಿತು. ಪ್ರತಿ ಹಸ್ತಪ್ರತಿಗೂ ಡಿಒಐ ಎಂಬ, ಎಂದಿಗೂ ಬದಲಾಗದ ಜಾಲವಿಳಾಸ ಇರುವುದರಿಂದ ಏಳು ವರ್ಷದ ಹಿಂದಿನ ನನ್ನ ಟಿಪ್ಪಣಿ ಪುಸ್ತಕದ ಕೊಂಡಿಗಳು ಇಂದಿಗೂ ಅದೇ ಪ್ರತಿಗೆ ಕರೆದೊಯ್ಯುತ್ತವೆ. ಇದು ಸಣ್ಣ ಮಾತೆಂದು ತೋರಬಹುದು, ಆದರೆ ಬೇರೊಂದು ದೊಡ್ಡ ಗ್ರಂಥಾಲಯದ ತಾಣವು ಒಂದು ದಿನ ಇದ್ದಕ್ಕಿದ್ದಂತೆ ಮುಚ್ಚಿಹೋಗಿ, ನಾನು ಎರಡು ವರ್ಷ ಕೂಡಿಸಿಟ್ಟಿದ್ದ ಕೊಂಡಿಗಳೆಲ್ಲ ತಿಂಗಳುಗಟ್ಟಲೆ ನಿರುಪಯೋಗಿಯಾದ ಅನುಭವದ ಮೇಲೆ ಹೇಳುತ್ತಿದ್ದೇನೆ.

ತಾಣವು ಟ್ರಿಪಲ್ ಐಎಫ್ ಎಂಬ ಸಮಾನ ಮಾನದಂಡಕ್ಕೆ ಹೊಂದಿಕೊಂಡಿದೆ, ಅಂದರೆ ಅದೇ ಮಾನದಂಡ ಪಾಲಿಸುವ ಬೇರೆ ಊರಿನ ಗ್ರಂಥಾಲಯದ ಪುಟವನ್ನೂ ಇಲ್ಲಿನ ಪುಟವನ್ನೂ ಒಂದೇ ಕಿಟಕಿಯಲ್ಲಿ ಅಕ್ಕಪಕ್ಕ ಇಟ್ಟು ನೋಡಬಹುದು. ಡ್ರೆಸ್ಡನ್‌ನಲ್ಲಿರುವ ಬೋರ್ನೇರಿಯಾನಸ್ ಎಂಬ ಪೌಲನ ಪತ್ರಗಳ ಪ್ರತಿಯೂ ಇದೇ ರೀತಿಯ ಗ್ರೀಕ್-ಲ್ಯಾಟಿನ್ ಜೋಡಿ ಬರಹ, 48ರ ಸೋದರನೆಂದೇ ಅದನ್ನು ಎಣಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ನೀರು ಬಿದ್ದು ಅದು ಬಹಳ ಕೆಟ್ಟಿದೆ. ಅಲ್ಲಿ ಮಸುಕಾದ ಅಕ್ಷರದ ಆಕಾರವನ್ನು ಇಲ್ಲಿನ ಅಕ್ಷರ ನೋಡಿ ಊಹಿಸುತ್ತ ನಾನು ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ.

ಲ್ಯಾಟಿನ್ ಪ್ರತಿಗಳ ಕಷ್ಟ ಬೇರೆ. ಅಲ್ಲಿ ಅಕ್ಷರ ಬೇಗ ಒಲಿಯುತ್ತದೆ, ಸಂಕ್ಷೇಪಗಳು ಒಲಿಯುವುದಿಲ್ಲ. 'ಪಿ' ಅಕ್ಷರದ ಕಾಲಿಗೆ ಅಡ್ಡಗೆರೆ ಎಳೆದರೆ 'ಪೆರ್', ಅದೇ ಕಾಲಿನಿಂದ ಎಡಕ್ಕೆ ಬಳ್ಳಿಯಂತೆ ಸುತ್ತಿದರೆ 'ಪ್ರೊ', ತಲೆಯ ಮೇಲೆ ಗೆರೆಯಿದ್ದರೆ 'ಪ್ರೇ'. ಮೂರರ ಮುಂದೆಯೂ 'ಫೆಕಿತ್' ಎಂಬುದೇ ಬರಬಹುದು: ಪೆರ್‌ಫೆಕಿತ್ ಎಂದರೆ ಮಾಡಿ ಮುಗಿಸಿದನು, ಪ್ರೊಫೆಕಿತ್ ಎಂದರೆ ಮುಂದುವರಿದನು, ಪ್ರೇಫೆಕಿತ್ ಎಂದರೆ ಅಧಿಕಾರಕ್ಕೆ ನೇಮಿಸಿದನು. ನಾನು ಹಣ ಕೊಟ್ಟು ಒಂದು ವರ್ಷ ಬಳಸಿದ ಒಂದು ಯಂತ್ರವಾಚನ ಸೇವೆಯು, ಅದರ ಹೆಸರು ಇಲ್ಲಿ ಬೇಡ, ಮೂರನ್ನೂ 'ಪೆರ್' ಎಂದೇ ಓದುತ್ತ ಹೋಯಿತು, ಆ ವಾಕ್ಯಗಳು ವ್ಯಾಕರಣಶುದ್ಧವಾಗಿದ್ದುದರಿಂದ ತಪ್ಪು ನನಗೆ ಬಹಳ ತಡವಾಗಿ ಗೊತ್ತಾಯಿತು. ಈಗ ಆ ಚಂದಾ ನಿಲ್ಲಿಸಿ, ಇಟಲಿಯ ಪತ್ರಾಗಾರ ತಜ್ಞ ಅಡ್ರಿಯಾನೊ ಕಪೆಲ್ಲಿ 1899ರಲ್ಲಿ ಪ್ರಕಟಿಸಿದ ಸಂಕ್ಷೇಪಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಕೂರುತ್ತೇನೆ. ಐರಿಷ್ ಲಿಪಿಕಾರರ ಚಿಹ್ನೆಗಳಿಗೆ, ಉದಾಹರಣೆಗೆ 'ಎತ್' (ಮತ್ತು) ಎನ್ನಲು ಏಳರ ಅಂಕಿಯಂಥ ಗೆರೆ, 'ಎಸ್ಟ್' (ಇದೆ) ಎನ್ನಲು ಭಾಗಾಕಾರದ ಗುರುತು, ಅಭ್ಯಾಸವೊಂದೇ ದಾರಿ.

ಆ ಅಭ್ಯಾಸಕ್ಕೆ ಸೇಂಟ್ ಗಾಲನ್ನಿನದೇ 904ನೆಯ ಪ್ರತಿ ಅತ್ಯುತ್ತಮ. ಒಂಬತ್ತನೆಯ ಶತಮಾನದಲ್ಲಿ ಐರಿಷ್ ಕೈಗಳು ಬರೆದ, ಪ್ರಾಚೀನ ವೈಯಾಕರಣ ಪ್ರಿಸ್ಕಿಯನ್‌ನ ಲ್ಯಾಟಿನ್ ವ್ಯಾಕರಣ ಅದು. ಸಾಲುಗಳ ನಡುವೆ, ಅಂಚಿನಲ್ಲಿ ಹಳೆಯ ಐರಿಷ್ ಭಾಷೆಯ ಮೂರು ಸಾವಿರಕ್ಕೂ ಹೆಚ್ಚು ಟಿಪ್ಪಣಿಗಳಿವೆ. ಒಂದು ಅಂಚಿನಲ್ಲಿ, ಈ ರಾತ್ರಿ ಗಾಳಿ ಬಿರುಸಾಗಿದೆ, ಹಾಗಾಗಿ ಕಡಲ ದಾಳಿಕೋರರ ಭಯವಿಲ್ಲ ಎಂಬ ಪುಟ್ಟ ಪದ್ಯವಿದೆ. ಇನ್ನೊಂದು ಪುಟದ ನೆತ್ತಿಯಲ್ಲಿ ಕಡ್ಡಿಗೆರೆಗಳ ಓಗಮ್ ಲಿಪಿಯಲ್ಲಿ ಒಂದೇ ಪದ, ಹಿಂದಿನ ದಿನದ ಕುಡಿತದ ತಲೆನೋವಿನ ದೂರು ಅದೆಂದು ತಿಳಿದವರು ಅರ್ಥ ಹೇಳುತ್ತಾರೆ. 'ಬೆನ್ನು ಬಾಗಿ, ಕತ್ತು ಮುರಿದು ಬರೆದೆ' ಎಂದು ಓಲೆಯ ಕೊನೆಯಲ್ಲಿ ಅಳಲು ತೋಡಿಕೊಳ್ಳುವ ನಮ್ಮ ಪ್ರತಿಕಾರರ ಜತೆಗೆ ಇವನನ್ನು ಕೂರಿಸಬಹುದು.

ಮಿತಿಗಳೂ ಇವೆ. ಮುಖಪುಟದ ಭಾಷೆ ಇಂಗ್ಲಿಷ್, ಜರ್ಮನ್, ಫ್ರೆಂಚ್, ಇಟಾಲಿಯನ್‌ಗಳಲ್ಲಿ ಸಿಕ್ಕರೂ ವಿದ್ವತ್ಪೂರ್ಣ ವಿವರಣೆಗಳು ಮೂಲದಲ್ಲಿ ಬರೆದ ಭಾಷೆಯಲ್ಲೇ ಇರುತ್ತವೆ, ಸೇಂಟ್ ಗಾಲನ್ ಪ್ರತಿಗಳಿಗೆ ಅದು ಹೆಚ್ಚಾಗಿ ಜರ್ಮನ್. ಹುಡುಕಾಟ ವಿವರಣೆಗಳೊಳಗೆ ನಡೆಯುತ್ತದೆ, ಪುಟದ ಮೇಲಿನ ಬರಹದೊಳಗೆ ಅಲ್ಲ. ಅಕ್ಷರ ಕಲಿಸುವ ಪಾಠಗಳನ್ನು ಇಲ್ಲಿ ನಿರೀಕ್ಷಿಸಬಾರದು. ಗ್ರೀಕ್ ಪ್ರತಿಗಳು ಲ್ಯಾಟಿನ್‌ಗೆ ಹೋಲಿಸಿದರೆ ಬಹಳ ಕಡಿಮೆ, ಹಾಗಾಗಿ ಬೈಜಾಂಟಿಯಮ್ಮಿನ ಸಣ್ಣಕ್ಷರದ ಬರಹವನ್ನೇ ಮುಖ್ಯವಾಗಿ ಓದಬಯಸುವವರು ವ್ಯಾಟಿಕನ್ ಗ್ರಂಥಾಲಯದ ಡಿಜಿಟಲ್ ಸಂಗ್ರಹಕ್ಕೆ ಹೋಗುವುದು ಲೇಸು.

ಹೊಸದಾಗಿ ಬರುವವರು ನನ್ನಂತೆ 48ರಿಂದ ಆರಂಭಿಸಬೇಕಾಗಿಲ್ಲ. ಮೊದಲು ಒಂಬತ್ತನೆಯ ಶತಮಾನದ, ದುಂಡಗೆ ಬಿಡಿಬಿಡಿಯಾಗಿ ಬರೆದ ಕ್ಯಾರೊಲಿಂಜಿಯನ್ ಲಿಪಿಯ ಯಾವುದಾದರೂ ಪ್ರತಿಯ ಹತ್ತು ಪುಟ ಕೈಯಿಂದ ನಕಲಿಳಿಸಿ, ಆಮೇಲೆ ಹಿಂದಕ್ಕೆ, ಸೇಂಟ್ ಗಾಲನ್ನಿನ 1394ನೆಯ ಸಂಪುಟದಲ್ಲಿರುವ ರೋಮನ್ ಕವಿ ವರ್ಜಿಲನ ತುಣುಕುಗಳತ್ತ ಸರಿಯಬಹುದು. ಅಲ್ಲಿ ಕಲ್ಲಿನ ಶಾಸನದಂತೆ ಚೌಕಟ್ಟಾದ ದೊಡ್ಡಕ್ಷರಗಳಿವೆ, ಪದಗಳ ನಡುವೆ ತೆರಪು ಮಾತ್ರ ಇಲ್ಲ. ನಾನು 413ನೆಯ ಪಪೈರಸ್‌ನ ಚಿತ್ರಕ್ಕೆ ಮರಳಿದ್ದು ಹೋದ ವರ್ಷ. ಅಕ್ಷರಗಳನ್ನು ಈಗ ನಾನೇ ಓದುತ್ತೇನೆ. ಎಲ್ಲಿ ಒಡೆಯಬೇಕೆಂಬುದರ ಬಗ್ಗೆ ಮೂರು ಬೇರೆಬೇರೆ ಪಟ್ಟಿಗಳು ನನ್ನ ಟಿಪ್ಪಣಿ ಪುಸ್ತಕದಲ್ಲಿವೆ.